ರಸ್ತೆಯ ಒಡಲಿಗೆ ತೆಂಗಿನ ನಾರಿನ ಭೂವಸ್ತ್ರ

ಎರೆಮಣ್ಣಿನ ಮೇಲೆ ಹಾಸಿದ ಜಲ್ಲಿ ಕೆಲವೇ ಮಳೆಗಾಲಗಳಲ್ಲಿ ಕೆಸರಿನೊಳಗೆ ಇಳಿದುಹೋಗುವುದು ಗುತ್ತಿಗೆದಾರರೆಲ್ಲರೂ ಬಲ್ಲ ಸಂಗತಿ. ಜಲ್ಲಿ ಕುಸಿದಂತೆ ಜೇಡಿ ಮೇಲೇರಿ, ರಸ್ತೆ ಗುಂಡಿ ಬೀಳುತ್ತದೆ. ಈ ಎರಡು ಪದರಗಳ ನಡುವೆ ನೀರು ಹರಿಯಲು ಬಿಟ್ಟು ಮಣ್ಣನ್ನು ತಡೆಯುವ ಬಟ್ಟೆಯನ್ನು ಹಾಸುವುದು ಭೂವಸ್ತ್ರದ ಮುಖ್ಯ ಉಪಯೋಗಗಳಲ್ಲೊಂದು. 1977ರಲ್ಲಿ ಪ್ಯಾರಿಸ್‌ನಲ್ಲಿ ಈ ವಿಷಯದ ಮೊದಲ ಅಂತರರಾಷ್ಟ್ರೀಯ ಸಮ್ಮೇಳನ ನಡೆಯಿತು. ಅಂದಿನಿಂದ ಪಾಲಿಪ್ರೊಪಿಲೀನ್ ಮತ್ತು ಪಾಲಿಯೆಸ್ಟರ್ ಬಟ್ಟೆಗಳದೇ ಈ ಮಾರುಕಟ್ಟೆಯಲ್ಲಿ ಮೇಲುಗೈ.

ತೆಂಗಿನ ನಾರಿಗೂ ಇಲ್ಲಿ ಸ್ಥಾನವಿದೆ. ಲಿಗ್ನಿನ್ ಅಂಶ ಅಧಿಕವಾಗಿರುವುದರಿಂದ ಅದು ಸೆಣಬಿಗಿಂತ ನಿಧಾನವಾಗಿ ಕೊಳೆಯುತ್ತದೆ; ಮಣ್ಣಿನಲ್ಲಿ ಎರಡು ಮೂರು ವರ್ಷ ಬಾಳುತ್ತದೆ. ಕೊಳೆಯುವ ವಸ್ತುವನ್ನು ರಸ್ತೆಯ ಅಡಿಗೆ ಹಾಕುವುದೇಕೆಂದು ಕೇಳಬಹುದು. ವಾಹನಗಳ ಭಾರಕ್ಕೆ ತಳಮಣ್ಣು ನೀರು ಬಸಿದು ಗಟ್ಟಿಯಾಗುವವರೆಗೆ ಆಧಾರ ದೊರೆತರೆ ಕಡಿಮೆ ಸಂಚಾರದ ಗ್ರಾಮೀಣ ರಸ್ತೆಗೆ ಸಾಕೆಂಬುದು ಇದರ ಹಿಂದಿನ ತರ್ಕ. ಇಳಿಜಾರಿನಲ್ಲಂತೂ ಹುಲ್ಲು ಬೇರೂರುವ ತನಕ ಮಣ್ಣು ಹಿಡಿದಿಟ್ಟರೆ ಅದರ ಕೆಲಸ ಮುಗಿಯಿತು. ಆದರೆ ಎತ್ತರದ ತಡೆಗೋಡೆಗೆ, ತ್ಯಾಜ್ಯ ಭರ್ತಿ ತಾಣದ ತಳಹಾಸಿಗೆ ಇದು ಸಲ್ಲದು. ಅಲ್ಲಿ ಕೃತಕ ವಸ್ತುಗಳೇ ಬೇಕು.

2020ರ ಮೇ ತಿಂಗಳಿನಲ್ಲಿ ಕೇಂದ್ರ ಗ್ರಾಮೀಣಾಭಿವೃದ್ಧಿ ಸಚಿವಾಲಯವು ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆಯ ಮೂರನೆಯ ಹಂತದಲ್ಲಿ ನಾರಿನ ಭೂವಸ್ತ್ರ ಬಳಸಲು ನಿರ್ಧರಿಸಿತು. ಒಟ್ಟು 1,674 ಕಿಲೋಮೀಟರ್. ಒಡಿಶಾಕ್ಕೆ 470, ತಮಿಳುನಾಡಿಗೆ 369, ಮಹಾರಾಷ್ಟ್ರಕ್ಕೆ 328, ಉಳಿದದ್ದು ಆಂಧ್ರಪ್ರದೇಶ, ಗುಜರಾತ್, ತೆಲಂಗಾಣ ಹಾಗೂ ಕೇರಳಕ್ಕೆ. ಅಂದಾಜು ಬೇಡಿಕೆ ಒಂದು ಕೋಟಿ ಚದರ ಮೀಟರ್, ಮೌಲ್ಯ 70 ಕೋಟಿ ರೂಪಾಯಿ. ಈ ಏಳು ರಾಜ್ಯಗಳ ಪಟ್ಟಿಯಲ್ಲಿ ಕರ್ನಾಟಕದ ಹೆಸರಿರಲಿಲ್ಲ.

ತಿಪಟೂರು, ಅರಸೀಕೆರೆ ಸೀಮೆಯವರಿಗೆ ಇದು ಯೋಚಿಸಬೇಕಾದ ವಿಷಯ. ಉಂಡೆ ಕೊಬ್ಬರಿಗಾಗಿ ತಿಂಗಳುಗಟ್ಟಲೆ ಅಟ್ಟದ ಮೇಲೆ ಒಣಗಿದ ಕಾಯಿಯ ಮಟ್ಟೆಗೆ ಇಲ್ಲಿ ಕೊರತೆಯಿಲ್ಲ. ಅದನ್ನು ಬರಿಯ ನಾರಾಗಿ ಮಾರಿದವನಿಗೆ ನಾರಿನ ದರ ಮಾತ್ರ; ನೂತು, ನೇಯ್ದು, ಸುರುಳಿ ಮಾಡಿ ಮಾರಿದವನಿಗೆ ಲಾಭದ ಬಹುಪಾಲು. ಅಡ್ಡಿಯಿರುವುದು ಗುಣಮಟ್ಟದಲ್ಲಿ. ಹುರಿಯ ದಪ್ಪ ಏರುಪೇರಾದರೆ ಬಟ್ಟೆಯ ತೂಕವೂ ಕರ್ಷಣ ಬಲವೂ ಏರುಪೇರಾಗುತ್ತವೆ. ನೇಯ್ದ ನಾರಿನ ಭೂವಸ್ತ್ರಕ್ಕೆ ಭಾರತೀಯ ಮಾನಕ ಐಎಸ್ 15869 ಇದೆ. ಚದರ ಮೀಟರಿನ ತೂಕ, ಕಣ್ಣಿನ ಅಳತೆ, ಬಲ ಇವುಗಳನ್ನು ಅದರಂತೆ ಪರೀಕ್ಷಿಸಿದ ವರದಿಯೊಂದಿಗೆ ಹೋದರೆ ಇಲಾಖೆಯ ಎಂಜಿನಿಯರ್ ಮಾತಿಗೆ ಕಿವಿಗೊಡುತ್ತಾರೆ. ಮಗ್ಗ ಕೊಳ್ಳುವ ಮುನ್ನವೇ ಹೊರಗೆ ನೇಯಿಸಿದ ಒಂದೆರಡು ಸುರುಳಿಗಳನ್ನು ಪರೀಕ್ಷೆಗೆ ಕಳುಹಿಸಿ ನೋಡುವುದಕ್ಕೆ ಹೆಚ್ಚಿನ ಬಂಡವಾಳವೇನೂ ಬೇಕಾಗದು.