ನಲವತ್ತಮೂರು ಬಾರಿ ಆಗದಿದ್ದುದು: ಪೆನ್ ಸ್ಟೇಟ್ ಮಹಿಳಾ ವಾಲಿಬಾಲ್ ತಂಡದ 2024ರ ಋತು

ಅಮೆರಿಕದ ಕೆಂಟಕಿ ರಾಜ್ಯದ ಲೂಯಿವಿಲ್ ನಗರದಲ್ಲಿ 2024ರ ಡಿಸೆಂಬರ್ 22ರಂದು, 21 ಸಾವಿರಕ್ಕೂ ಹೆಚ್ಚು ಪ್ರೇಕ್ಷಕರ ಸಮ್ಮುಖದಲ್ಲಿ, ಪೆನ್ಸಿಲ್ವೇನಿಯಾ ಸ್ಟೇಟ್ ವಿಶ್ವವಿದ್ಯಾಲಯದ ಮಹಿಳಾ ವಾಲಿಬಾಲ್ ತಂಡವು ಆ ದೇಶದ ಕಾಲೇಜು ಕ್ರೀಡೆಯ ಅತ್ಯುನ್ನತ ಪ್ರಶಸ್ತಿಯನ್ನು ಗೆದ್ದುಕೊಂಡಿತು. ಕಾಲೇಜು ಕ್ರೀಡೆಗಳನ್ನು ನಡೆಸುವ ಎನ್‌ಸಿಎಎ ಎಂಬ ಸಂಸ್ಥೆಯು 1981ರಿಂದ ಈ ಪಂದ್ಯಾವಳಿಯನ್ನು ಏರ್ಪಡಿಸುತ್ತ ಬಂದಿದೆ. ಅದರ ಮೊದಲ ದರ್ಜೆಯಲ್ಲಿ ಅದಕ್ಕೆ ಮುನ್ನ 43 ಬಾರಿ ಪ್ರಶಸ್ತಿ ಪ್ರದಾನವಾಗಿತ್ತು. ಆ 43 ಬಾರಿಯೂ ಗೆದ್ದ ತಂಡದ ಮುಖ್ಯ ತರಬೇತುದಾರರು ಪುರುಷರೇ ಆಗಿದ್ದರು. ಅಂಗಳದಲ್ಲಿ ಬೆವರು ಸುರಿಸಿದವರೆಲ್ಲ ಹೆಣ್ಣುಮಕ್ಕಳು. ಅವರಿಗೆ ಕಲಿಸಿ ಗೆಲ್ಲಿಸಿದವರೆಂದು ದಾಖಲೆಯಲ್ಲಿ ಉಳಿದವರೆಲ್ಲ ಗಂಡಸರು. ಆ ಸಾಲಿನಲ್ಲಿ ಮೊದಲ ಮಹಿಳೆಯಾಗಿ ಹೆಸರು ಬರೆಸಿದವರು ಪೆನ್ ಸ್ಟೇಟ್ ತಂಡದ ಕೇಟಿ ಶೂಮಾಕರ್-ಕಾವ್ಲಿ. ಆ ದಿನಗಳಲ್ಲಿ ಅವರು ಸ್ತನ ಕ್ಯಾನ್ಸರಿಗೆ ಚಿಕಿತ್ಸೆ ಪಡೆಯುತ್ತಿದ್ದರು.

ಈ ಎರಡು ಸಂಗತಿಗಳಲ್ಲಿ ಎರಡನೆಯದು ಜಗತ್ತಿನ ಪತ್ರಿಕೆಗಳಲ್ಲಿ ಸಾಕಷ್ಟು ಬಂದಿದೆ. ಮೊದಲನೆಯದನ್ನು ಒಂದು ಸಾಲಿನಲ್ಲಿ ಹೇಳಿ ಬಿಟ್ಟವರೇ ಹೆಚ್ಚು. ನಮ್ಮ ಓದುಗರಲ್ಲಿ ಅನೇಕರ ಹೆಣ್ಣುಮಕ್ಕಳು ಕಾಲೇಜುಗಳಲ್ಲಿ ಓದುತ್ತಿದ್ದಾರೆ, ಕೆಲವರು ಆಡುತ್ತಲೂ ಇದ್ದಾರೆ. ಆದುದರಿಂದ ಅಂಥದೊಂದು ತಂಡದ ಋತುವು ಹೇಗೆ ನಡೆಯುತ್ತದೆ, ಅದರ ಗೆಲುವಿನ ಹಿಂದೆ ಎಷ್ಟು ವರ್ಷಗಳ ಬೇರು ಇರುತ್ತದೆ ಎಂಬುದನ್ನು ಸ್ವಲ್ಪ ವಿಸ್ತಾರವಾಗಿ ತಿಳಿಸಬಯಸುತ್ತೇವೆ.

ಅಲ್ಲಿಯ ವಾಲಿಬಾಲ್ ಋತುವು ಆಗಸ್ಟ್ ತಿಂಗಳ ತಾಲೀಮಿನಿಂದ ಆರಂಭವಾಗುತ್ತದೆ. ತಿಂಗಳ ಕೊನೆಗೆ ಪಂದ್ಯಗಳು ಶುರು. ಮೊದಲ ಕೆಲವು ವಾರ ದೇಶದ ಬೇರೆ ಬೇರೆ ಭಾಗದ ತಂಡಗಳೊಡನೆ ಆಡಿ ತಮ್ಮ ಬಲಾಬಲವನ್ನು ಅಳೆದುಕೊಳ್ಳುತ್ತಾರೆ. ಸೆಪ್ಟೆಂಬರ್ ಕೊನೆಯಿಂದ ನವೆಂಬರ್ ಕೊನೆಯವರೆಗೆ ತಮ್ಮ ಒಕ್ಕೂಟದೊಳಗಿನ ಪಂದ್ಯಗಳು. ಪೆನ್ ಸ್ಟೇಟ್ ಸೇರಿರುವ ಒಕ್ಕೂಟಕ್ಕೆ ‘ಬಿಗ್ ಟೆನ್’ ಎಂದು ಹೆಸರು. ಹೆಸರಿನಲ್ಲಿ ಹತ್ತು ಇದ್ದರೂ 2024ರಲ್ಲಿ ಪಶ್ಚಿಮ ಕರಾವಳಿಯ ನಾಲ್ಕು ವಿಶ್ವವಿದ್ಯಾಲಯಗಳು ಸೇರಿದ ಮೇಲೆ ಅದರ ಸದಸ್ಯರ ಸಂಖ್ಯೆ 18 ಆಯಿತು. ಹೆಸರನ್ನು ಬದಲಿಸುವ ಗೋಜಿಗೆ ಯಾರೂ ಹೋಗಲಿಲ್ಲ! ಡಿಸೆಂಬರಿನಲ್ಲಿ ದೇಶದ 64 ತಂಡಗಳ ಅಂತಿಮ ಪಂದ್ಯಾವಳಿ. ಅಲ್ಲಿ ಒಮ್ಮೆ ಸೋತವರು ಮನೆಗೆ ಹೋಗಬೇಕು, ಎರಡನೆಯ ಅವಕಾಶವಿಲ್ಲ.

ಇದೆಲ್ಲವೂ ನಡೆಯುವುದು ಶೈಕ್ಷಣಿಕ ವರ್ಷದ ಮೊದಲ ಸೆಮಿಸ್ಟರಿನಲ್ಲಿಯೇ ಎಂಬುದನ್ನು ಗಮನಿಸಬೇಕು. ಆಟಗಾರ್ತಿಯು ಪೂರ್ಣಾವಧಿಯ ವಿದ್ಯಾರ್ಥಿನಿಯಾಗಿ ನಿಗದಿತ ವಿಷಯಗಳನ್ನು ಓದುತ್ತಿರಬೇಕು, ತೇರ್ಗಡೆಯಾಗುತ್ತಿರಬೇಕು. ಇಲ್ಲವಾದರೆ ಅಂಗಳಕ್ಕೆ ಇಳಿಯುವ ಅರ್ಹತೆಯೇ ಇಲ್ಲ. ಪಂದ್ಯಾವಳಿಯ ಕಾವು ಏರುವ ಡಿಸೆಂಬರಿನಲ್ಲಿಯೇ ಸೆಮಿಸ್ಟರ್ ಪರೀಕ್ಷೆಗಳೂ ಬರುತ್ತವೆ. ಪೆನ್ ಸ್ಟೇಟ್ ತಂಡವು ಆ ವರ್ಷ ಸುಮಾರು ಹದಿನಾರು ವಾರಗಳಲ್ಲಿ 37 ಪಂದ್ಯಗಳನ್ನಾಡಿತು. ಆಡಲು ಹೋದ ಮಗಳ ಓದು ಕೆಡುತ್ತದೆಯೆಂದು ಚಿಂತಿಸುವ ತಾಯಿತಂದೆಯರು ನಮ್ಮಲ್ಲಿ ಬಹಳ. ಅವರ ಚಿಂತೆ ನಿರಾಧಾರವೆಂದು ನಾವು ಹೇಳುವುದಿಲ್ಲ. ಓದನ್ನು ಆಟದ ಷರತ್ತಾಗಿಯೇ ಇರಿಸಿದ ವ್ಯವಸ್ಥೆಯೊಂದು ಇದೆ ಎಂಬುದನ್ನಷ್ಟೇ ತಿಳಿಸುತ್ತೇವೆ.

ಆಟದ ಕ್ರಮ ಬಹುಮಂದಿಗೆ ತಿಳಿದದ್ದೇ. ಅಂಗಳ 18 ಮೀಟರ್ ಉದ್ದ, 9 ಮೀಟರ್ ಅಗಲ. ಮಹಿಳೆಯರ ಪಂದ್ಯದಲ್ಲಿ ನೆಟ್ಟಿನ ಎತ್ತರ 2.24 ಮೀಟರ್. ಒಂದು ಬದಿಗೆ ಆರು ಮಂದಿ. ಚೆಂಡು ತಮ್ಮ ಕಡೆ ಬಂದಾಗ ಮೂರು ಸ್ಪರ್ಶಗಳೊಳಗೆ ಅದನ್ನು ಆಚೆಗೆ ಕಳಿಸಬೇಕು, ಒಬ್ಬರೇ ಸತತವಾಗಿ ಎರಡು ಬಾರಿ ಮುಟ್ಟುವಂತಿಲ್ಲ. 25 ಅಂಕಕ್ಕೆ ಒಂದು ಸೆಟ್, ಆದರೆ ಎರಡು ಅಂಕಗಳ ಅಂತರವಿರಬೇಕು. ಐದರಲ್ಲಿ ಮೂರು ಸೆಟ್ ಗೆದ್ದವರದು ಪಂದ್ಯ. ಐದನೆಯ ಸೆಟ್ ಮಾತ್ರ 15 ಅಂಕಕ್ಕೆ. ಈ ನಿಯಮಗಳಲ್ಲಿ ಒಂದು ಸೂಕ್ಷ್ಮವಿದೆ. ಕಬಡ್ಡಿಯಲ್ಲಿ, ಕ್ರಿಕೆಟ್ಟಿನಲ್ಲಿ ಒಬ್ಬ ಅಸಾಧಾರಣ ಆಟಗಾರ ಬಹುಕಾಲ ಆಟವನ್ನು ತನ್ನ ಹಿಡಿತದಲ್ಲಿಟ್ಟುಕೊಳ್ಳಬಲ್ಲ. ವಾಲಿಬಾಲಿನಲ್ಲಿ ಚೆಂಡನ್ನು ಹಿಡಿದಿಡುವಂತೆಯೇ ಇಲ್ಲ. ಮುಟ್ಟಿದ ಕ್ಷಣವೇ ಜೊತೆಯವರಿಗೆ ಒಪ್ಪಿಸಬೇಕು. ಈ ಆಟವನ್ನು 1895ರಲ್ಲಿ ಮ್ಯಾಸಚೂಸೆಟ್ಸ್‌ನ ಹೋಲಿಯೋಕ್ ಊರಿನಲ್ಲಿ ವಿಲಿಯಂ ಮಾರ್ಗನ್ ಎಂಬವರು ರೂಪಿಸಿದ್ದು, ಬ್ಯಾಸ್ಕೆಟ್‌ಬಾಲ್ ಆಡುವಷ್ಟು ಕಸುವಿಲ್ಲದ ನಡುವಯಸ್ಸಿನ ಗಂಡಸರ ವ್ಯಾಯಾಮಕ್ಕಾಗಿ. ಅದು ಕಾಲಕ್ರಮೇಣ ಅಮೆರಿಕದ ಕಾಲೇಜುಗಳಲ್ಲಿ ಮುಖ್ಯವಾಗಿ ಹೆಣ್ಣುಮಕ್ಕಳ ಆಟವಾದದ್ದು ಚರಿತ್ರೆಯ ವಿನೋದಗಳಲ್ಲಿ ಒಂದು.

2024ರ ಪೆನ್ ಸ್ಟೇಟ್ ತಂಡ ಒಂದೇ ಊರಿನ ಬೆಳೆಯಲ್ಲ. ಮುಖ್ಯ ಸ್ಮ್ಯಾಶರ್ ಜೆಸ್ ಮ್ರುಜಿಕ್ ಮೊದಲು ಮಿಶಿಗನ್ ವಿಶ್ವವಿದ್ಯಾಲಯಕ್ಕೆ ಆಡಿ ಇಲ್ಲಿಗೆ ಬಂದವರು. ಹಿಂದಿನ ವರ್ಷ ನೆಬ್ರಾಸ್ಕಾ ತಂಡದಲ್ಲಿದ್ದ ಒಬ್ಬ ಆಟಗಾರ್ತಿ ಈ ವರ್ಷ ಇಲ್ಲಿದ್ದರು. ಚೆಂಡನ್ನು ಎತ್ತಿಕೊಡುವ ಸೆಟ್ಟರ್ ಸ್ಥಾನದಲ್ಲಿ ಆಗತಾನೇ ಕಾಲೇಜು ಸೇರಿದ್ದ ಇಜಿ ಸ್ಟಾರ್ಕ್ ಇದ್ದರು. ಪ್ರತಿಯೊಂದು ದಾಳಿಯೂ ಈ ಸ್ಥಾನದ ಕೈಬೆರಳುಗಳ ಮೂಲಕವೇ ಹೋಗಬೇಕು. ಅಂಥ ಹೊಣೆಯನ್ನು ಮೊದಲ ವರ್ಷದ ಹುಡುಗಿಗೆ ಒಪ್ಪಿಸುವುದು ತರಬೇತುದಾರರ ಧೈರ್ಯಕ್ಕೆ ಸಾಕ್ಷಿ.

ಆ ತರಬೇತುದಾರರು ಬಂದ ದಾರಿಯನ್ನೂ ನೋಡಬೇಕು. ಶಿಕಾಗೋ ನಗರದವರಾದ ಕೇಟಿಯವರು ಇದೇ ವಿಶ್ವವಿದ್ಯಾಲಯದ ವಿದ್ಯಾರ್ಥಿನಿ. 1999ರಲ್ಲಿ ಪೆನ್ ಸ್ಟೇಟ್ ಮೊದಲ ಬಾರಿಗೆ ರಾಷ್ಟ್ರೀಯ ಪ್ರಶಸ್ತಿ ಗೆದ್ದಾಗ ಆ ತಂಡದಲ್ಲಿ ಆಡಿದವರು. ಆಗ ಅವರ ಗುರುಗಳು ರಸ್ ರೋಸ್. 1979ರಿಂದ 2021ರವರೆಗೆ ಒಂದೇ ತಂಡವನ್ನು ನಡೆಸಿದ ರೋಸ್ ಅವರ ಕಾಲದಲ್ಲಿ ಪೆನ್ ಸ್ಟೇಟ್ ಏಳು ಬಾರಿ ಪ್ರಶಸ್ತಿ ಪಡೆಯಿತು. 2007ರಿಂದ 2010ರವರೆಗೆ ಸತತ ನಾಲ್ಕು ಬಾರಿ. ಆ ನಡುವೆ ತಂಡವು ಒಂದೂ ಸೋಲಿಲ್ಲದೆ 109 ಪಂದ್ಯಗಳನ್ನು ಗೆದ್ದಿತ್ತು. ಕೇಟಿಯವರು ಬೇರೆ ವಿಶ್ವವಿದ್ಯಾಲಯಗಳಲ್ಲಿ ತರಬೇತು ನೀಡಿ ಅನುಭವ ಪಡೆದು, 2018ರಲ್ಲಿ ಗುರುವಿನ ಕೈಕೆಳಗೆ ಸಹಾಯಕಿಯಾಗಿ ಮರಳಿದರು. ಗುರು ನಿವೃತ್ತರಾದ ಮೇಲೆ, 2022ರ ಆರಂಭದಲ್ಲಿ, ಮುಖ್ಯ ಸ್ಥಾನ ಅವರಿಗೆ ಬಂತು. ಅಷ್ಟು ದೊಡ್ಡ ಹೆಸರಿನವರ ಆಸನದಲ್ಲಿ ಕೂರುವುದು ಸುಲಭವಲ್ಲ. ಸೋತರೆ ಹೋಲಿಕೆ, ಗೆದ್ದರೆ ‘ಅವರು ಕಟ್ಟಿದ್ದು’ ಎಂಬ ಮಾತು.

2024ರ ಸೆಪ್ಟೆಂಬರಿನಲ್ಲಿ, ಋತು ಆರಂಭವಾದ ಕೆಲವೇ ವಾರಗಳಲ್ಲಿ, ಅವರಿಗೆ ಎರಡನೆಯ ಹಂತದ ಸ್ತನ ಕ್ಯಾನ್ಸರ್ ಇರುವುದು ಪತ್ತೆಯಾಯಿತು. ಅಕ್ಟೋಬರಿನಲ್ಲಿ ಅದನ್ನು ಅವರು ಬಹಿರಂಗವಾಗಿ ತಿಳಿಸಿದರು. ಕೀಮೋಥೆರಪಿ ನಡೆಯುತ್ತಿದ್ದಾಗಲೂ, ತಲೆಗೂದಲು ಉದುರಿದಾಗಲೂ ಅವರು ತಂಡದ ಜೊತೆಗೇ ಇದ್ದರು. ಮನೆಯಲ್ಲಿ ಮೂವರು ಹೆಣ್ಣುಮಕ್ಕಳು. ಅಂಗಳದಲ್ಲಿ ಮಕ್ಕಳ ವಯಸ್ಸಿನ ಆಟಗಾರ್ತಿಯರು.

ಇದನ್ನು ಕಾಯಕನಿಷ್ಠೆಯೆಂದು ಕೊಂಡಾಡಿ ಮುಂದಕ್ಕೆ ಹೋಗುವುದು ಸುಲಭ. ನಮಗೆ ಅದು ಸರಿಯೆನಿಸುವುದಿಲ್ಲ. ಕೀಮೋಥೆರಪಿಯು ಒಬ್ಬೊಬ್ಬರ ಶರೀರದ ಮೇಲೆ ಒಂದೊಂದು ಬಗೆಯ ಪರಿಣಾಮ ಬೀರುತ್ತದೆ. ಹಾಸಿಗೆಯಿಂದ ಏಳಲಾಗದೆ ವಿಶ್ರಾಂತಿ ಪಡೆಯುವ ತಾಯಂದಿರ ಧೈರ್ಯವು ಕೆಲಸಕ್ಕೆ ಹೋಗಬಲ್ಲವರ ಧೈರ್ಯಕ್ಕಿಂತ ಎಳ್ಳಷ್ಟೂ ಕಡಿಮೆಯಲ್ಲ. ಕೇಟಿಯವರಿಗೆ ವೈದ್ಯರ ಸಲಹೆಯಿತ್ತು, ದೈನಂದಿನ ತಾಲೀಮನ್ನು ಹೊರಬಲ್ಲ ಸಹಾಯಕರಿದ್ದರು, ಜೊತೆಗೆ ನಿಂತ ವಿಶ್ವವಿದ್ಯಾಲಯವಿತ್ತು. ಎಲ್ಲಕ್ಕಿಂತ ಮುಖ್ಯವಾಗಿ ರೋಗವು ದೇಹದ ದೂರದ ಭಾಗಗಳಿಗೆ ಹರಡುವ ಮುನ್ನವೇ ತಿಳಿದುಬಂದಿತ್ತು. ಭಾರತದ ಮಹಿಳೆಯರಲ್ಲಿ ಅತಿ ಹೆಚ್ಚಾಗಿ ಕಂಡುಬರುವ ಕ್ಯಾನ್ಸರ್ ಕೂಡ ಇದೇ. ಸಂಕೋಚದಿಂದ ಗಂಟನ್ನು ಮುಚ್ಚಿಟ್ಟುಕೊಂಡು ತಡವಾಗಿ ಆಸ್ಪತ್ರೆಗೆ ಹೋಗುವ ತಾಯಂದಿರು, ಸೋದರಿಯರು ನಮ್ಮಲ್ಲಿ ಇಂದಿಗೂ ಇದ್ದಾರೆ. ಗಂಟು ಕಾಣಿಸಿದರೆ, ಚರ್ಮದಲ್ಲಿ ಅಥವಾ ಆಕಾರದಲ್ಲಿ ಬದಲಾವಣೆ ಕಂಡರೆ, ನೋವಿಲ್ಲದಿದ್ದರೂ ವೈದ್ಯರಿಗೆ ತೋರಿಸಬೇಕು.

ನವೆಂಬರ್ ಮುಗಿಯುವ ವೇಳೆಗೆ ಪೆನ್ ಸ್ಟೇಟ್ ಮತ್ತು ನೆಬ್ರಾಸ್ಕಾ ತಂಡಗಳು ಬಿಗ್ ಟೆನ್ ಪ್ರಶಸ್ತಿಯನ್ನು ಹಂಚಿಕೊಂಡವು. ರಾಷ್ಟ್ರೀಯ ಪಂದ್ಯಾವಳಿಯಲ್ಲಿ ಅಗ್ರಶ್ರೇಯಾಂಕ ಪಡೆದಿದ್ದ ನಾಲ್ಕು ತಂಡಗಳೇ, ಅಂದರೆ ಪಿಟ್ಸ್‌ಬರ್ಗ್, ನೆಬ್ರಾಸ್ಕಾ, ಪೆನ್ ಸ್ಟೇಟ್ ಮತ್ತು ಲೂಯಿವಿಲ್, ಕೊನೆಯ ನಾಲ್ಕರ ಸುತ್ತಿಗೆ ಬಂದವು. ಡಿಸೆಂಬರ್ 19ರಂದು ಸೆಮಿಫೈನಲ್. ಎದುರಾಳಿ ಅದೇ ನೆಬ್ರಾಸ್ಕಾ.

ಮೊದಲ ಎರಡು ಸೆಟ್‌ಗಳು ನೆಬ್ರಾಸ್ಕಾ ಪಾಲಾದವು. ಮೂರನೆಯದನ್ನು ಪೆನ್ ಸ್ಟೇಟ್ 25–23ರಿಂದ ಹೇಗೋ ಉಳಿಸಿಕೊಂಡಿತು. ನಾಲ್ಕನೆಯ ಸೆಟ್ಟಿನಲ್ಲಿ ನೆಬ್ರಾಸ್ಕಾ 22–16ರಿಂದ ಮುಂದಿತ್ತು; ಇನ್ನು ಮೂರೇ ಅಂಕ ಸಿಕ್ಕಿದ್ದರೆ ಪಂದ್ಯ ಮುಗಿಯುತ್ತಿತ್ತು. ವಾಲಿಬಾಲಿನಲ್ಲಿ ಗಡಿಯಾರವಿಲ್ಲ. ಮುಂದಿರುವವರು ಕಾಲ ತಳ್ಳಿ ಗೆಲ್ಲುವಂತಿಲ್ಲ. ಕೊನೆಯ ಅಂಕವನ್ನು ಅವರು ಸಂಪಾದಿಸಲೇಬೇಕು. ಹಿಂದಿರುವವರ ಬಳಿ ಒಂದು ಅಂಕ ಬಾಕಿಯಿರುವವರೆಗೂ ಪಂದ್ಯ ಬಾಕಿಯಿರುತ್ತದೆ. ಪೆನ್ ಸ್ಟೇಟ್ ಒಂದೊಂದಾಗಿ ಅಂಕ ಕೂಡಿಸಿ, ಪಂದ್ಯವೇ ಕೈಬಿಡಬಹುದಾಗಿದ್ದ ಘಳಿಗೆಗಳನ್ನು ದಾಟಿ, ಆ ಸೆಟ್ಟನ್ನು 28–26ರಿಂದ ಗೆದ್ದಿತು. ಐದನೆಯ ಸೆಟ್ 15–13. ಋತುವಿನ ನಿಜವಾದ ಅಂತಿಮ ಪಂದ್ಯ ಇದೇ ಎಂಬುದು ನಮ್ಮ ಎಣಿಕೆ.

ಅದೇ ದಿನ ಲೂಯಿವಿಲ್ ತಂಡವು ಪಿಟ್ಸ್‌ಬರ್ಗನ್ನು ಸೋಲಿಸಿತು. ಆದರೆ ಅವರ ಪ್ರಮುಖ ಆಟಗಾರ್ತಿ ಆನಾ ಡಿಬೇರ್ ಗಾಯಗೊಂಡು ಫೈನಲ್‌ನಲ್ಲಿ ಆಡಲಾಗಲಿಲ್ಲ. ತವರೂರಿನ ಪ್ರೇಕ್ಷಕರ ಮುಂದೆ, ಮುಖ್ಯ ಆಟಗಾರ್ತಿಯಿಲ್ಲದೆಯೂ ಆ ತಂಡ ಎರಡನೆಯ ಸೆಟ್ಟನ್ನು 34–32ರಿಂದ ಗೆದ್ದುದನ್ನು ಇಲ್ಲಿ ಹೇಳದಿದ್ದರೆ ಅನ್ಯಾಯವಾದೀತು. ಉಳಿದ ಮೂರು ಸೆಟ್‌ಗಳು 25–23, 25–20, 25–17ರಿಂದ ಪೆನ್ ಸ್ಟೇಟ್ ಪಾಲಾದವು. ಮ್ರುಜಿಕ್ ಒಬ್ಬರೇ 29 ಬಾರಿ ಚೆಂಡನ್ನು ಎದುರಾಳಿಯ ನೆಲಕ್ಕೆ ಹೊಡೆದು ಅಂಕ ತಂದರು. ಋತುವಿನ ಲೆಕ್ಕ: 35 ಗೆಲುವು, 2 ಸೋಲು. ವಿಶ್ವವಿದ್ಯಾಲಯಕ್ಕೆ ಇದು ಎಂಟನೆಯ ರಾಷ್ಟ್ರೀಯ ಪ್ರಶಸ್ತಿ.

ಲೂಯಿವಿಲ್ ತಂಡದ ಮುಖ್ಯ ತರಬೇತುದಾರರೂ ಮಹಿಳೆಯೇ, ಡ್ಯಾನಿ ಬಸ್‌ಬೂಮ್ ಕೆಲ್ಲಿ. ಹೀಗಾಗಿ ಯಾರೇ ಗೆದ್ದರೂ ಮಹಿಳೆಯೊಬ್ಬರು ಮೊದಲ ಬಾರಿಗೆ ಗೆಲ್ಲುವುದು ಸೆಮಿಫೈನಲ್ ದಿನವೇ ನಿಶ್ಚಯವಾಗಿತ್ತು. ಅದಕ್ಕೆ ಮುನ್ನ ಮಹಿಳೆಯರು ಹೊಸ್ತಿಲವರೆಗೆ ಬಂದು ಮರಳಿದ್ದುಂಟು. ಫ್ಲಾರಿಡಾ ತಂಡದ ಮೇರಿ ವೈಸ್ 2003ರಲ್ಲಿ ಮತ್ತು 2017ರಲ್ಲಿ, ಡ್ಯಾನಿಯವರೇ 2022ರಲ್ಲಿ ಫೈನಲ್‌ನಲ್ಲಿ ಸೋತಿದ್ದರು.

ಇಷ್ಟು ತಡವೇಕಾಯಿತು? ಉತ್ತರದಲ್ಲಿ ಒಂದು ವಿಪರ್ಯಾಸವಿದೆ. ಸರ್ಕಾರದ ಹಣ ಪಡೆಯುವ ಶಿಕ್ಷಣ ಸಂಸ್ಥೆಗಳಲ್ಲಿ ಲಿಂಗಭೇದ ಮಾಡಬಾರದೆಂದು ವಿಧಿಸುವ ‘ಟೈಟಲ್ ನೈನ್’ ಎಂಬ ಕಾನೂನು ಅಮೆರಿಕದಲ್ಲಿ 1972ರಲ್ಲಿ ಬಂತು. ಅದರಿಂದ ಹೆಣ್ಣುಮಕ್ಕಳ ತಂಡಗಳಿಗೆ ವಿದ್ಯಾರ್ಥಿವೇತನ, ಒಳ್ಳೆಯ ಕ್ರೀಡಾಂಗಣ, ಪ್ರಯಾಣದ ವೆಚ್ಚ ಎಲ್ಲವೂ ದೊರೆಯತೊಡಗಿದವು. ಆ ಕಾನೂನಿಗೆ ಮುನ್ನ ಕಾಲೇಜು ಮಹಿಳಾ ತಂಡಗಳಲ್ಲಿ ಶೇ. 90ಕ್ಕೂ ಹೆಚ್ಚಿನವುಗಳಿಗೆ ಮಹಿಳೆಯರೇ ತರಬೇತುದಾರರಾಗಿದ್ದರು, ಬಹುಪಾಲು ಅಲ್ಪ ಸಂಬಳಕ್ಕೆ ಅಥವಾ ಸಂಬಳವೇ ಇಲ್ಲದೆ. ಆ ಹುದ್ದೆಗೆ ಹಣವೂ ಮಾನವೂ ಬಂದೊಡನೆ ಪುರುಷರು ಅರ್ಜಿ ಹಾಕತೊಡಗಿದರು, ಆಯ್ಕೆ ಮಾಡುವ ಪುರುಷರು ಅವರನ್ನೇ ಆಯ್ದರು. ಇಂದು ಆ ಪ್ರಮಾಣ ಅರ್ಧಕ್ಕಿಂತ ಕಡಿಮೆ. ಆಡುವವರಿಗೆ ಬಾಗಿಲು ತೆರೆಯಿತು. ಕಲಿಸುವವರಿಗೆ ಅದೇ ಬಾಗಿಲು ಕಿರಿದಾಯಿತು. ಗೆದ್ದ ಪುರುಷರಲ್ಲಿ ಒಳ್ಳೆಯ ಗುರುಗಳು ಇರಲಿಲ್ಲವೆಂದು ಇದರ ಅರ್ಥವಲ್ಲ. ರಸ್ ರೋಸ್ ಅವರೇ ಅದಕ್ಕೆ ನಿದರ್ಶನ. ಆದರೆ ಆಡುವ ವಯಸ್ಸು ಮುಗಿದ ಮೇಲೆ ತನಗೆ ಈ ಆಟದಲ್ಲಿ ಜೀವನವಿದೆಯೇ ಎಂದು ಕೇಳುವ ಹುಡುಗಿಗೆ ತೋರಿಸಲು ಅಲ್ಲಿ ಹೆಚ್ಚು ಮಂದಿ ಇರಲಿಲ್ಲ.

2025ರ ಜನವರಿಯಲ್ಲಿ ನೆಬ್ರಾಸ್ಕಾ ತಂಡವನ್ನು 2000ದಿಂದ ನಡೆಸಿ ನಾಲ್ಕು ಪ್ರಶಸ್ತಿ ತಂದ ಜಾನ್ ಕುಕ್ ನಿವೃತ್ತರಾದರು. ಅವರ ಸ್ಥಾನಕ್ಕೆ ನೇಮಕವಾದವರು ಲೂಯಿವಿಲ್‌ನ ಡ್ಯಾನಿ ಬಸ್‌ಬೂಮ್ ಕೆಲ್ಲಿ. 2006ರಲ್ಲಿ ಕುಕ್ ಅವರ ತಂಡ ರಾಷ್ಟ್ರೀಯ ಪ್ರಶಸ್ತಿ ಗೆದ್ದಾಗ ಅದರಲ್ಲಿ ಆಡಿದ್ದ ಹುಡುಗಿ ಅವರೇ.