ಅಂಡಮಾನ್‌ಗೆ ಮೊದಲ ಪ್ರವಾಸವೇ? ಹೋಟೆಲ್‌ಗಿಂತ ಮೊದಲು ಫೆರ್ರಿ ನೋಡಿ

ಜೋಡಿಯಾಗಿ ಅಂಡಮಾನ್‌ಗೆ ಹೊರಡುವವರು ಸಾಮಾನ್ಯವಾಗಿ ಮೊದಲು ಹುಡುಕುವುದು ಹೋಟೆಲ್. ಆದರೆ ಅಲ್ಲಿ ದಿನಚರಿ ನಿರ್ಧರಿಸುವುದು ಸಮುದ್ರ.

ಪೋರ್ಟ್ ಬ್ಲೇರ್‌ಗೆ (2024ರಿಂದ ಶ್ರೀ ವಿಜಯಪುರಂ) ಚೆನ್ನೈನಿಂದ ನೇರ ವಿಮಾನವಿದೆ. ಅಲ್ಲಿಂದ ಹ್ಯಾವ್‌ಲಾಕ್ ಮತ್ತು ನೀಲ್ ದ್ವೀಪಗಳಿಗೆ ಪ್ರವಾಸಿಗರು ಸಾಮಾನ್ಯವಾಗಿ ಫೆರ್ರಿಯಲ್ಲೇ ಹೋಗುತ್ತಾರೆ. ಗಾಳಿ-ಮಳೆ ಜೋರಾದರೆ ಫೆರ್ರಿ ರದ್ದಾಗುತ್ತದೆ. ಹಾಗಾಗಿ ಫೆರ್ರಿ ಇಳಿದ ದಿನವೇ ವಾಪಸ್ ವಿಮಾನ ಹಿಡಿಯುವ ಸಾಹಸ ಬೇಡ. ಕೊನೆಯ ರಾತ್ರಿ ಪೋರ್ಟ್ ಬ್ಲೇರ್‌ನಲ್ಲೇ ತಂಗಿ. ಮೇ-ಸೆಪ್ಟೆಂಬರ್ ಮಳೆಗಾಲವಂತೂ ಮೊದಲ ಪ್ರವಾಸಕ್ಕೆ ಸೂಕ್ತವಲ್ಲ.

ಪ್ರಕೃತಿಪ್ರಿಯರಿಗೆ ಗೋಡೆ ಕ್ಯಾಲೆಂಡರ್ ಕೂಡ ನೆರವಾಗುತ್ತದೆ. ಹುಣ್ಣಿಮೆ, ಅಮಾವಾಸ್ಯೆಯ ಆಸುಪಾಸಿನಲ್ಲಿ ಸಮುದ್ರ ಹೆಚ್ಚು ಹಿಂದೆ ಸರಿಯುತ್ತದೆ. ನೀಲ್‌ನ ನೈಸರ್ಗಿಕ ಕಲ್ಲು ಸೇತುವೆಯ ಬಳಿಗೆ ನಡೆದು ಹೋಗಲು ಇಳಿತದ ಹೊತ್ತೇ ಸರಿ. ಹ್ಯಾವ್‌ಲಾಕ್‌ನಲ್ಲಿ ರಾತ್ರಿ ಮಿನುಗುವ ನೀರು ನೋಡಬೇಕೆಂದರೆ ಅಮಾವಾಸ್ಯೆ ಹತ್ತಿರದ ದಿನ ಆರಿಸಿ, ಬೆಳದಿಂಗಳಿದ್ದರೆ ಆ ಹೊಳಪು ಕಾಣುವುದು ಕಷ್ಟ.

ಡಿಸೆಂಬರ್‌ನಲ್ಲಿ ಅಲ್ಲಿ ಸಂಜೆ 5ರ ಸುಮಾರಿಗೇ ಸೂರ್ಯ ಮುಳುಗುತ್ತಾನೆ. ಮುಂಬೈ, ಪುಣೆಯವರ ಲೆಕ್ಕದಲ್ಲಿ 6ಕ್ಕೆ ರಾಧಾನಗರ ಬೀಚ್‌ಗೆ ಹೋದರೆ ಸಿಗುವುದು ಕತ್ತಲೆ ಮಾತ್ರ. ನೆನಪಿಗೆಂದು ಹವಳದ ತುಂಡು ತರಬೇಡಿ, ವನ್ಯಜೀವಿ ಕಾಯ್ದೆಯಡಿ ಅದು ಅಪರಾಧ. ಮೊಸಳೆ ಎಚ್ಚರಿಕೆಯ ಫಲಕವಿರುವ ಕಡೆ ನೀರಿಗೆ ಇಳಿಯಲೇಬೇಡಿ.