ತವರಿನ ಉಂಡಿ, ತವರಿನ ಪಾಲು

ಶ್ರಾವಣ ಮಾಸ ಸಮೀಪಿಸಿತೆಂದರೆ ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಅಣ್ಣತಮ್ಮಂದಿರು ಅಕ್ಕತಂಗಿಯರನ್ನು ಪಂಚಮಿಗೆ ಕರೆತರಲು ಹೊರಡುವುದು ತಲೆತಲಾಂತರದಿಂದ ನಡೆದುಬಂದ ರೂಢಿ. ಮನೆಯಲ್ಲಿ ಶೇಂಗಾ ಉಂಡಿ, ಎಳ್ಳುಂಡಿ, ತಂಬಿಟ್ಟು, ಅಳ್ಳು ಸಿದ್ಧವಾಗುತ್ತವೆ. ಬೇವಿನ ಮರಕ್ಕೆ ಜೋಕಾಲಿ ಕಟ್ಟುತ್ತಾರೆ. ಮದುವೆಯಾಗಿ ಹೋದ ಹೆಣ್ಣುಮಗಳಿಗೆ ಈ ಮನೆಯಲ್ಲಿ ಇನ್ನೂ ಸ್ಥಾನವಿದೆ ಎಂದು ಊರಿಗೆಲ್ಲ ಸಾರುವ ಹಬ್ಬವದು. ಕರೆಯಲು ಯಾರೂ ಬಾರದ ವರ್ಷ ಆಕೆಯ ಪಾಲಿಗೆ ನೋವಿನ ವರ್ಷ.

ಶ್ರೀಮಠಕ್ಕೆ ಮನೆತನದ ತಂಟೆಗಳನ್ನು ಹೊತ್ತು ಬರುವ ಭಕ್ತರಲ್ಲಿ ಅಣ್ಣತಂಗಿಯರ ಆಸ್ತಿಯ ಮಾತು ಈಗ ಹೆಚ್ಚಾಗಿ ಕೇಳಿಬರುತ್ತಿದೆ. ಒಂದು ಪ್ರಸಂಗ ನಮ್ಮ ಮನಸ್ಸಿನಿಂದ ಮಾಸಿಲ್ಲ. ತಂದೆ ಲಿಂಗೈಕ್ಯರಾದ ಮೇಲೆ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕೆಂದು ಅಣ್ಣ ಕೇಳಿದ, ತಂಗಿ ಒಪ್ಪಲಿಲ್ಲ. ಮರುವರ್ಷದಿಂದ ಪಂಚಮಿಯ ಕರೆ ನಿಂತಿತು. ನಡುವೆ ಸಿಕ್ಕಿಕೊಂಡ ವೃದ್ಧ ತಾಯಿ, ಮಗನಿಗೆ ತಿಳಿಯದಂತೆ ಉಂಡಿಯ ಡಬ್ಬಿಯನ್ನು ಬಸ್ಸಿನ ನಿರ್ವಾಹಕರ ಕೈಯಲ್ಲಿ ಕೊಟ್ಟು ಮಗಳ ಊರಿಗೆ ಕಳುಹಿಸುತ್ತಿದ್ದರು. ಮೂರು ವರ್ಷ ಹೀಗೆಯೇ ನಡೆಯಿತು.

ಇಂಥ ಮನೆಗಳಲ್ಲಿ ತಪ್ಪು ಯಾರದೆಂದು ಹುಡುಕುವ ಮೊದಲು, ಈ ಸಂಬಂಧ ಏಕೆ ಬದಲಾಗುತ್ತಿದೆ ಎಂಬುದನ್ನು ಅರಿಯುವುದು ಒಳಿತು.

ಮೊದಲನೆಯ ಕಾರಣ ಕಾನೂನು. ಹಳೆಯ ಮೈಸೂರು ಸಂಸ್ಥಾನದಲ್ಲಿ 1933ರಷ್ಟು ಹಿಂದೆಯೇ ಹೆಣ್ಣುಮಕ್ಕಳ ಹಕ್ಕುಗಳ ಕುರಿತು ಕಾಯಿದೆಯೊಂದು ಬಂದಿತ್ತು. 1956ರ ಹಿಂದೂ ಉತ್ತರಾಧಿಕಾರ ಅಧಿನಿಯಮವು ವೀರಶೈವ, ಲಿಂಗಾಯತರನ್ನು ಹೆಸರಿಸಿಯೇ ತನ್ನ ವ್ಯಾಪ್ತಿಗೆ ಸೇರಿಸಿದೆ. ಅದರಂತೆ ತಂದೆ ಉಯಿಲು ಬರೆಯದೆ ತೀರಿಕೊಂಡರೆ ಅವರ ಸ್ವಯಾರ್ಜಿತದಲ್ಲಿ ಮಗಳಿಗೂ ಮಗನಷ್ಟೇ ಪಾಲು. ಆದರೆ ಪಿತ್ರಾರ್ಜಿತ ಆಸ್ತಿಯಲ್ಲಿ ಹುಟ್ಟಿನಿಂದಲೇ ಬರುವ ಹಕ್ಕು ಗಂಡುಮಕ್ಕಳಿಗೆ ಮಾತ್ರವಿತ್ತು. ಕರ್ನಾಟಕವು 1994ರಲ್ಲಿ ಜಾರಿಗೆ ತಂದ ತಿದ್ದುಪಡಿ ಆ ಹಕ್ಕನ್ನು ಹೆಣ್ಣುಮಕ್ಕಳಿಗೂ ನೀಡಿತಾದರೂ ಅದಕ್ಕೆ ಮೊದಲೇ ಮದುವೆಯಾದವರನ್ನು ಹೊರಗಿಟ್ಟಿತು. 2005ರ ಸೆಪ್ಟೆಂಬರ್ 9ರಂದು ಜಾರಿಗೆ ಬಂದ ಕೇಂದ್ರದ ತಿದ್ದುಪಡಿ ಮದುವೆಯ ಭೇದವನ್ನು ತೆಗೆದುಹಾಕಿತು. ಆ ದಿನ ತಂದೆ ಬದುಕಿರಬೇಕೆಂಬ ನಿಯಮವಿಲ್ಲ, ಮಗಳ ಹಕ್ಕು ಹುಟ್ಟಿನಿಂದಲೇ ಬಂದದ್ದು ಎಂದು ಸುಪ್ರೀಂ ಕೋರ್ಟಿನ ಮೂವರು ನ್ಯಾಯಮೂರ್ತಿಗಳ ಪೀಠ 2020ರ ಆಗಸ್ಟ್ 11ರಂದು ಸ್ಪಷ್ಟಪಡಿಸಿತು. 2004ರ ಡಿಸೆಂಬರ್ 20ಕ್ಕೆ ಮೊದಲು ನೋಂದಾಯಿತ ಪತ್ರ ಅಥವಾ ನ್ಯಾಯಾಲಯದ ಡಿಕ್ರಿಯ ಮೂಲಕ ಮುಗಿದ ವಿಭಜನೆಯನ್ನು ಮಾತ್ರ ಮತ್ತೆ ತೆರೆಯುವಂತಿಲ್ಲ.

ಎರಡನೆಯ ಕಾರಣ ಭೂಮಿಯೇ. ಕೃಷಿ ಗಣತಿಯ ಪ್ರಕಾರ 1970-71ರಲ್ಲಿ ದೇಶದ ಸರಾಸರಿ ಹಿಡುವಳಿ 2.28 ಹೆಕ್ಟೇರ್ ಇತ್ತು; 2015-16ರ ವೇಳೆಗೆ 1.08 ಹೆಕ್ಟೇರಿಗೆ ಇಳಿಯಿತು. ತುಂಡಾಗುತ್ತಿರುವ ಹೊಲವನ್ನೇ ನಂಬಿದ ಅಣ್ಣನಿಗೆ ಇನ್ನೊಂದು ಪಾಲೆಂದರೆ ಎದೆ ನಡುಗುತ್ತದೆ. ಅದೇ ಹೊಲದ ಪಕ್ಕದಲ್ಲಿ ಹೆದ್ದಾರಿ ಬಂದರೆ ನಿನ್ನೆಯವರೆಗೆ ಯಾರೂ ಕೇಳದಿದ್ದ ಎರೆಭೂಮಿಗೆ ಬೆಲೆ ಏರುತ್ತದೆ. ಪರಿಹಾರದ ಹಣಕ್ಕೆ ಎಲ್ಲರ ಸಹಿಯೂ ಬೇಕಾಗುತ್ತದೆ. ಅಲ್ಲಿಯವರೆಗೆ ಪ್ರೀತಿಯಲ್ಲಿ ಮುಚ್ಚಿಹೋಗಿದ್ದ ಪ್ರಶ್ನೆ ಆಗ ಮೇಲೇಳುತ್ತದೆ.

ಎರಡೂ ಕಡೆಯ ಮಾತನ್ನು ಕೇಳಿದವರು ನಾವು. "ಊರಲ್ಲಿ ಉಳಿದವನು ನಾನು, ಅಪ್ಪ ಅವ್ವನ ಆಸ್ಪತ್ರೆಗೆ ಓಡಾಡಿದವನು ನಾನು, ಬೋರವೆಲ್ಲಿನ ಸಾಲ ತೀರಿಸುತ್ತಿರುವವನೂ ನಾನೇ" ಎಂಬ ಅಣ್ಣನ ಮಾತಿನಲ್ಲಿ ಸುಳ್ಳಿಲ್ಲ. "ನನ್ನ ಮದುವೆಗೆ ಖರ್ಚು ಮಾಡಿದ್ದೇ ನನ್ನ ಪಾಲು ಎನ್ನುವುದಾದರೆ, ಅಣ್ಣನ ಮದುವೆಗೂ ಖರ್ಚಾಗಲಿಲ್ಲವೇ?" ಎಂಬ ತಂಗಿಯ ಪ್ರಶ್ನೆಯಲ್ಲಿಯೂ ತಪ್ಪಿಲ್ಲ. ಮದುವೆಯ ಖರ್ಚು ಕಾನೂನಿನ ದೃಷ್ಟಿಯಲ್ಲಿ ಪಾಲಿಗೆ ಬದಲಲ್ಲ. ವರದಕ್ಷಿಣೆಯಂತೂ 1961ರಿಂದಲೇ ನಿಷಿದ್ಧ. ಹಾಗೆಯೇ ಹಕ್ಕಿನೊಡನೆ ಹೊಣೆಯೂ ಬರುತ್ತದೆಂಬುದನ್ನು ಹೆಣ್ಣುಮಕ್ಕಳು ಮರೆಯಬಾರದು. 2005ರ ತಿದ್ದುಪಡಿ ಅವಿಭಕ್ತ ಆಸ್ತಿಯ ಋಣಭಾರಗಳನ್ನೂ ಮಗಳ ಮೇಲೆ ಸಮನಾಗಿ ಹೊರಿಸಿದೆ. ತಂದೆತಾಯಿಯರ ಪೋಷಣೆಗಾಗಿ ಬಂದ 2007ರ ಕಾಯಿದೆಯಲ್ಲಿ ಮಕ್ಕಳೆಂದರೆ ಮಗನೂ ಹೌದು, ಮಗಳೂ ಹೌದು.

ನಮ್ಮ ಶರಣ ಪರಂಪರೆಯಲ್ಲಿ ಅಣ್ಣತಂಗಿಯರ ನಂಟಿಗೆ ಮುಕ್ತಾಯಕ್ಕ ಮತ್ತು ಅಜಗಣ್ಣರಿಗಿಂತ ದೊಡ್ಡ ನಿದರ್ಶನ ಬೇಡ. ಅಣ್ಣನನ್ನೇ ಗುರುವೆಂದು ಬಗೆದ ಆ ತಾಯಿ ತನ್ನ ವಚನಗಳ ಅಂಕಿತದಲ್ಲಿಯೇ ಅವನ ಹೆಸರನ್ನು ಉಳಿಸಿದಳು. ಹಾಗೆಂದು ಆಕೆ ಮಾತಿಲ್ಲದ ತಂಗಿಯಾಗಿರಲಿಲ್ಲ. ಅಲ್ಲಮಪ್ರಭುವಿನೊಡನೆ ಎದುರುನಿಂತು ವಾದಿಸಿದ ಧೀಮಂತೆ. ಪ್ರೀತಿಯಿದ್ದಲ್ಲಿ ಮಾತಿಗೂ ಎಡೆಯಿತ್ತು. ಇಂದಿನ ಮನೆಗಳಲ್ಲಿ "ಪಾಲು ಕೇಳಿದರೆ ತವರು ಕಡಿಯಿತು" ಎಂಬ ಬೆದರಿಕೆ ಆ ಎಡೆಯನ್ನೇ ಮುಚ್ಚುತ್ತಿದೆ. ಪಾಲು ಬಿಟ್ಟುಕೊಟ್ಟರೆ ಮಾತ್ರ ಸಿಗುವ ಉಂಡಿಯನ್ನು ಪ್ರೀತಿಯ ಉಂಡಿಯೆನ್ನುವುದು ಹೇಗೆ?

ಆದಕಾರಣ ಭಕ್ತಾದಿಗಳಲ್ಲಿ ನಮ್ಮ ಕೆಲವು ವಿನಂತಿಗಳಿವೆ. ತಂದೆತಾಯಿಯರು ತಾವಿರುವಾಗಲೇ ಮಕ್ಕಳೆಲ್ಲರನ್ನೂ ಕೂಡಿಸಿಕೊಂಡು ಆಸ್ತಿ ಎಷ್ಟು, ಸಾಲ ಎಷ್ಟು, ಪಿತ್ರಾರ್ಜಿತ ಯಾವುದು, ಸ್ವಯಾರ್ಜಿತ ಯಾವುದು ಎಂಬುದನ್ನು ತೆರೆದು ಹೇಳಲಿ. ಹಿರಿಯರು ತೀರಿಕೊಂಡ ಮೇಲೆ ಪೌತಿ ಖಾತೆ ಮಾಡಿಸುವಾಗ ವಂಶವೃಕ್ಷದಲ್ಲಿ ಹೆಣ್ಣುಮಕ್ಕಳ ಹೆಸರನ್ನು ಮರೆಮಾಚದಿರಲಿ. ಅಂದು ಬಿಟ್ಟ ಹೆಸರು ಮುಂದೆ ಮೊಮ್ಮಕ್ಕಳ ಕಾಲಕ್ಕೆ ವ್ಯಾಜ್ಯವಾಗಿ ಮರಳುತ್ತದೆ. ತಂಗಿ ಸ್ವಸಂತೋಷದಿಂದ ಹಕ್ಕು ಬಿಟ್ಟುಕೊಟ್ಟರೆ ಅದು ಆಕೆಯ ದೊಡ್ಡತನ. ಆದರೆ ಪತ್ರವನ್ನು ಓದಿ ಹೇಳದೆ, ಹಬ್ಬಕ್ಕೆಂದು ಕರೆತಂದು ಉಪನೋಂದಣಾಧಿಕಾರಿಯ ಕಚೇರಿಗೆ ಕರೆದೊಯ್ಯುವುದು ಸಲ್ಲದು. ಹೆಣ್ಣುಮಕ್ಕಳೂ ಹೆತ್ತವರನ್ನು ನೋಡಿಕೊಂಡ ಅಣ್ಣನ ದುಡಿಮೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿ. ಮಾತು ಮನೆಯಲ್ಲಿ ಮುಗಿಯದಿದ್ದರೆ ತಾಲ್ಲೂಕು ಕಾನೂನು ಸೇವಾ ಸಮಿತಿಯಿದೆ; ಮಹಿಳೆಯರಿಗೆ ಅಲ್ಲಿ ಆದಾಯದ ಮಿತಿಯಿಲ್ಲದೆ ಉಚಿತ ನೆರವು ದೊರೆಯುತ್ತದೆ. ಲೋಕ ಅದಾಲತ್‌ನಲ್ಲಿ ಆದ ರಾಜಿಗೆ ಸಿವಿಲ್ ನ್ಯಾಯಾಲಯದ ಡಿಕ್ರಿಯ ಬಲವಿದೆ.

ಮೇಲೆ ಹೇಳಿದ ಮನೆಯವರು ಕೊನೆಗೆ ಮಠದ ದಾಸೋಹದ ಪಡಸಾಲೆಯಲ್ಲಿ ಎದುರುಬದುರು ಕುಳಿತರು. ಮೊದಲು ಬೋರವೆಲ್ಲಿನ ಸಾಲವನ್ನು ಲೆಕ್ಕ ಹಾಕಿದೆವು. ಆಮೇಲೆ ಪಾಲಿನ ಮಾತು ಎತ್ತಿದೆವು. ಪಹಣಿಯಲ್ಲಿ ಇಬ್ಬರ ಹೆಸರೂ ಬಂದಿತು. ಉಳುಮೆ ಅಣ್ಣನದೇ, ತಂಗಿಯ ಮನೆಗೆ ವರ್ಷಕ್ಕೆ ಇಷ್ಟು ಚೀಲ ಜೋಳ ಎಂದು ಒಪ್ಪಿಗೆಯಾಯಿತು. ಮನಸ್ಸು ಅಂದೇ ಪೂರ್ತಿ ತಿಳಿಯಾಯಿತೆಂದು ನಾವು ಹೇಳಲಾರೆವು. ಆದರೆ ಆ ವರ್ಷ ಪಂಚಮಿಗೆ ಅಣ್ಣ ತಾನೇ ಹೋಗಿ ತಂಗಿಯನ್ನು ಕರೆತಂದ. ತಾಯಿ ಬಸ್ ನಿಲ್ದಾಣಕ್ಕೆ ಡಬ್ಬಿ ಹಿಡಿದು ಹೋಗುವ ಕೆಲಸ ತಪ್ಪಿತು.

ಈ ಶ್ರಾವಣದಲ್ಲಿ ಕರೆ ನಿಂತುಹೋದ ಮನೆಗಳಿದ್ದರೆ, ಪಾಲಿನ ಲೆಕ್ಕ ಏನೇ ಇರಲಿ, ಮೊದಲು ಕರೆ ಹೋಗಲಿ ಎಂಬುದು ನಮ್ಮ ಪ್ರಾರ್ಥನೆ.